ನೀಲಿ ಕೋಟಿನ ಗಂಡು

ಮಧುಗಿರಿಯ ಅಮಲ್ದಾರರ ಕಚೇರಿಯಲ್ಲಿ ರೇಣುಕಯ್ಯ ಎಂಬ ಗುಮಾಸ್ತನಿದ್ದ. ಇದ್ದ ಎಂಬುದಕ್ಕೆ ಸಾಕ್ಷಿ ಕಡಿಮೆ. ಅಮಲ್ದಾರರು ಅವನನ್ನು "ಪರ್ವತಯ್ಯ" ಎಂದು ಕೂಗುತ್ತಿದ್ದರು. ಪರ್ವತಯ್ಯ ಎಂಬುವನು ಅದೇ ಕುರ್ಚಿಯಲ್ಲಿ ಕೂತು, ಹಳಬನಾಗಿ, ಚಿತ್ರದುರ್ಗಕ್ಕೆ ವರ್ಗವಾಗಿ ಹೋಗಿ ಬಹಳ ಕಾಲವಾಗಿತ್ತು. ಮೊದಮೊದಲು ರೇಣುಕಯ್ಯ "ನಾನು ರೇಣುಕಯ್ಯ, ಸ್ವಾಮಿ" ಎಂದು ತಿದ್ದುತ್ತಿದ್ದ. "ಹಾಗೇ ಆಗಲಿ ಪರ್ವತಯ್ಯ" ಎಂದು ಅಮಲ್ದಾರರು ಉದಾರವಾಗಿ ಒಪ್ಪಿಕೊಳ್ಳುತ್ತಿದ್ದರು. ಕಡೆಗೆ ತಿದ್ದುವುದನ್ನೇ ಬಿಟ್ಟ.

ಊಟದ ಪಂಕ್ತಿಯಲ್ಲಿ ಪಾಯಸದವನು ಇವನ ಎಡಗಡೆಯವನಿಗೆ ಬಡಿಸಿ, ಹೆಜ್ಜೆ ಕೊಂಚ ಉದ್ದ ಹಾಕಿ, ಬಲಗಡೆಯವನಿಗೆ ಬಡಿಸುತ್ತಿದ್ದ. ಕ್ಷೌರದವನು ಅರ್ಧ ಮುಖ ಬೋಳಿಸಿ, ಬೇರೆ ಯಾರೋ ಕರೆದರೆಂದು ಎದ್ದುಹೋಗಿ, ಇನ್ನರ್ಧವನ್ನು ಮರೆತ ಪ್ರಸಂಗವೂ ಉಂಟು. ರೇಣುಕಯ್ಯ ಎತ್ತರವಲ್ಲ, ಗಿಡ್ಡವಲ್ಲ, ಕಪ್ಪಲ್ಲ, ಕೆಂಪಲ್ಲ. ಬಿಸಿಲಿರಲಿ ಮೋಡವಿರಲಿ, ಒಂದು ಕರಿ ಕೊಡೆ ಬಿಚ್ಚಿಕೊಂಡೇ ನಡೆಯುತ್ತಿದ್ದ. ಊರಿಗೆ ಆ ಕೊಡೆಯ ಪರಿಚಯ ಚೆನ್ನಾಗಿತ್ತು. ಕೆಳಗೆ ಯಾರಿದ್ದಾರೆಂದು ಬಗ್ಗಿ ನೋಡಿದವರಿರಲಿಲ್ಲ.

ಹೆಂಡತಿ ಗಂಗಲಕ್ಷ್ಮಮ್ಮ ಬದುಕಿದ್ದಾಗ ಇಷ್ಟು ಕಷ್ಟವಿರಲಿಲ್ಲ. ಅವಳಾದರೂ ದಿನಕ್ಕೊಮ್ಮೆ "ಇಲ್ಲೇ ಇದೀರಾ?" ಎಂದು ಕೇಳುತ್ತಿದ್ದಳು. ಪ್ಲೇಗಿನಲ್ಲಿ ಅವಳು ತೀರಿಕೊಂಡ ಮೇಲೆ ಬೆಟ್ಟದ ಬುಡದ ಆ ಮನೆಯಲ್ಲಿ ಹಾಗೆ ಕೇಳುವವರೂ ಇಲ್ಲವಾದರು. ಸಂಜೆ ಬೀಗ ತೆಗೆದು "ಬಂದೆ" ಎನ್ನುವ ಅಭ್ಯಾಸ ಮಾತ್ರ ಉಳಿದುಕೊಂಡಿತ್ತು. ಮನೆ ಉತ್ತರ ಕೊಡುತ್ತಿರಲಿಲ್ಲ. ಆಗ ರೇಣುಕಯ್ಯನಿಗೆ ಅಳು ಬರುವಷ್ಟು ದುಃಖವಾಗುತ್ತಿತ್ತು. ಆದರೆ ಅಳಬೇಕಾದರೂ ಯಾಕೆ ಅಳುತ್ತೀ ಎಂದು ಕೇಳಲು ಒಬ್ಬರಿರಬೇಕಲ್ಲ.

ಹೀಗಿರುವಾಗ ಮೈಸೂರಿನ ಕಾಲೇಜಿನಿಂದ ಒಬ್ಬ ಲೆಕ್ಚರರು ಬಲೆ ಕಟ್ಟಿದ ಕೋಲು ಹಿಡಿದು ಬಂದು ಮುಸಾಫಿರಖಾನೆಯಲ್ಲಿ ಇಳಿದರು. ಚಿಟ್ಟೆ ಹಿಡಿಯುವುದು ಅವರ ಉದ್ಯೋಗ. ಸಂಬಳ ತೆಗೆದುಕೊಂಡು ಚಿಟ್ಟೆ ಹಿಡಿಯುವ ಮನುಷ್ಯನನ್ನು ಮಧುಗಿರಿ ಅದುವರೆಗೆ ಕಂಡಿರಲಿಲ್ಲ. ಅವರ ಜೊತೆಗೆ ಒಬ್ಬನನ್ನು ಕಳಿಸಬೇಕು, ಅವನಿಲ್ಲದಿದ್ದರೆ ಕಚೇರಿಗೆ ತೊಂದರೆಯಾಗಬಾರದು ಎಂದು ಅಮಲ್ದಾರರು ಸುತ್ತ ನೋಡಿದರು. ಎದುರಿಗೇ ನಿಂತಿದ್ದವನನ್ನು ಸ್ವಲ್ಪ ತಡವಾಗಿ ಕಂಡು, "ಪರ್ವತಯ್ಯ, ನೀನು ಹೋಗು" ಎಂದರು.

ಬೆಟ್ಟದ ಬುಡದಲ್ಲಿ ಒಂದು ಬಂಡೆಯ ಮೇಲೆ ಚಿಟ್ಟೆ ಕೂತಿತ್ತು. ಕಪ್ಪುಗಂದು ರೆಕ್ಕೆ, ಅದರಲ್ಲಿ ಬಿಳಿಯ ಬೊಟ್ಟು. ನೋಡುವಂಥದ್ದೇನೂ ಇರಲಿಲ್ಲ. ಅದು ಕೊಂಚ ಹೊರಳಿತು. ಬೊಟ್ಟಿನ ಸುತ್ತ ಥಳಥಳನೆ ನೀಲಿ ಹೊತ್ತಿಕೊಂಡಿತು.

"ಆಹಾ!" ಎಂದ ರೇಣುಕಯ್ಯ.

"ಆ ನೀಲಿ ಅದರಲ್ಲಿ ಇಲ್ಲವೇ ಇಲ್ಲ" ಎಂದರು ಲೆಕ್ಚರರು.

"ಕಾಣ್ತಾ ಇದೆಯಲ್ಲ ಸ್ವಾಮಿ?"

"ಕಾಣುತ್ತೆ, ಆದರೆ ನೀಲಿ ಅನ್ನುವ ಪದಾರ್ಥ ಅದರಲ್ಲಿ ಒಂದಿಷ್ಟೂ ಇಲ್ಲ. ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತಲ್ಲ, ಅದು ಪುಡಿಯಲ್ಲ. ಹೆಂಚು ಹೊದಿಸಿದ ಹಾಗೆ ಜೋಡಿಸಿರುವ ಸಣ್ಣ ಸಣ್ಣ ಹುರುಪೆ. ಒಂದೊಂದು ಹುರುಪೆಯಲ್ಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿವೆ. ಬೆಳಕು ಮೇಲಿನ ಪದರದಿಂದಲೂ ಚಿಮ್ಮುತ್ತೆ, ಕೆಳಗಿನದರಿಂದಲೂ ಚಿಮ್ಮುತ್ತೆ. ಎರಡೂ ಕೂಡಿದಾಗ ನೀಲಿ ಬಲವಾಗುತ್ತೆ, ಮಿಕ್ಕ ಬಣ್ಣ ಕುಂದುತ್ತೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣೋದಿಲ್ಲವೆ, ಹಾಗೆ. ನೋಡುವ ಓರೆ ತಪ್ಪಿತೋ, ನೀಲಿಯೂ ಹೋಯಿತು."

ನಂಬಿಕೆಯಾಗಲಿ ಎಂದು ಅವರು ಪೆಟ್ಟಿಗೆಯಿಂದ ಅಂಥದೇ ಒಂದು ಒಣ ರೆಕ್ಕೆ ತೆಗೆದು ಸ್ಪಿರಿಟ್ಟಿನ ಹನಿ ಹಾಕಿದರು. ಪದರಗಳ ನಡುವೆ ಸ್ಪಿರಿಟ್ಟು ಇಳಿದು ನೀಲಿ ಆರಿಹೋಯಿತು. ಬರೀ ಕಂದು. ರೇಣುಕಯ್ಯ ರೆಕ್ಕೆಯ ಮೇಲೆ ಬಗ್ಗಿದ. ಗಾಳಿಗೆ ಹನಿ ಒಣಗಿ ನೀಲಿ ಮೆಲ್ಲಗೆ ಹಿಂತಿರುಗಿದಾಗ, ತಪ್ಪಿಸಿಕೊಂಡ ಹಸು ಸಿಕ್ಕಿದವನಂತೆ ಉಸಿರು ಬಿಟ್ಟ.

"ಇಷ್ಟೆಲ್ಲ ಏರ್ಪಾಡು ಯಾತಕ್ಕೆ ಸ್ವಾಮಿ ಇದಕ್ಕೆ?"

"ದೂರದಿಂದ ಹೆಣ್ಣಿನ ಕಣ್ಣಿಗೆ ಬೀಳಲಿ ಅಂತ. ಇದರಲ್ಲಿ ಈ ಮಿಂಚು ಗಂಡಿಗೆ ಮಾತ್ರ. ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಹಕ್ಕಿ ಅಟ್ಟಿಸಿಕೊಂಡು ಬಂತು ಅಂತಿಟ್ಟುಕೊಳ್ಳಿ. ಹಾರುವಾಗ ನೀಲಿ, ರೆಕ್ಕೆ ಮಡಿಸಿ ಕೂತರೆ ಕಂದು. ಹಕ್ಕಿ ನೀಲಿಯದನ್ನೇ ಹುಡುಕಿಕೊಂಡು ಹೋಗುತ್ತೆ. ಎದುರಿಗೆ ಕೂತಿರುವ ಕಂದು ಬೇರೆ ಯಾವುದೋ ಅಂದುಕೊಳ್ಳುತ್ತೆ."

ಎರಡನೆಯ ಕಾರಣ ರೇಣುಕಯ್ಯನ ಕಿವಿಗೆ ಬೀಳಲೇ ಇಲ್ಲ. ಅವನು ಮೊದಲನೆಯದರಲ್ಲೇ ನಿಂತುಬಿಟ್ಟಿದ್ದ. ಯಾರಿಗೂ ಬೇಡವಾದ ಒಂದು ಕಂದು ಪ್ರಾಣಿ, ಬಿಸಿಲಿಗೆ ಸರಿಯಾಗಿ ನಿಂತರೆ, ಒಬ್ಬರ ಕಣ್ಣಿಗೆ ಬೀಳಬಹುದು!

ಮುಂದಿನ ರಜದ ದಿನವೇ ಶಿರಾಕ್ಕೆ ಹೋಗಿ ದರ್ಜಿ ಬುಡನ್ ಸಾಬರ ಅಂಗಡಿಯಲ್ಲಿ ಕೂತ. ಬುಡನ್ ಸಾಬರು ಒಂದು ರೇಷ್ಮೆ ಬಟ್ಟೆಯನ್ನು ಬೀದಿಯ ಬಿಸಿಲಿಗೆ ಹಿಡಿದು ಅಲ್ಲಾಡಿಸಿದರು. ಹಾಸು ಕಂದು, ಹೊಕ್ಕು ನೀಲಿ. "ಧೂಪ್‌ಛಾಂವ್ ಸಾಮಿ. ನವಾಬರ ಕಾಲದ್ದು" ಎಂದರು. ಚಿಟ್ಟೆಯಲ್ಲಿ ನೀಲಿಯೇ ಇಲ್ಲ, ಈ ಬಟ್ಟೆಯಲ್ಲಿ ಬಣ್ಣದ ನೂಲೇ ಎರಡು. ಲೆಕ್ಚರರು ಕಂಡಿದ್ದರೆ ಜಗಳಕ್ಕೆ ಬರುತ್ತಿದ್ದರು. ರೇಣುಕಯ್ಯನಿಗೆ ಅಷ್ಟು ದೂರದ ವಿಚಾರ ಬೇಕಿರಲಿಲ್ಲ. ಕೋಟು ಹೊಲಿಸಿದ.

ಹೊಲಿಸಿ ತಂದು ಮನೆಯಲ್ಲಿ ತೊಟ್ಟು ತಲೆ ಬಗ್ಗಿಸಿ ನೋಡಿಕೊಂಡ. ಕಂದು. ಕತ್ತಲ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡ, ಅಲ್ಲೂ ಕಂದು. ಕೊಡೆ ಬಿಚ್ಚಿಕೊಂಡು ಕಚೇರಿಗೆ ಹೋದ. ಯಾರೂ ಮಾತಾಡಲಿಲ್ಲ. ಸಿಟ್ಟು ಬಂದು ಪುನಃ ಶಿರಾಕ್ಕೆ ಹೋಗಿ, ಬಿಚ್ಚಿದ ಕೊಡೆಯ ಅಡಿಯಲ್ಲೇ ನಿಂತು, "ಬಟ್ಟೆ ಬದಲಾಯಿಸಿಬಿಟ್ಟಿದ್ದೀರಿ ಸಾಬರೇ" ಎಂದ.

"ತೋಬಾ ತೋಬಾ!" ಎಂದು ಬುಡನ್ ಸಾಬರು ಕೆನ್ನೆ ಮುಟ್ಟಿಕೊಂಡರು. "ಧೂಪ್‌ಛಾಂವ್ ಅಂದ್ರೆ ಬಿಸ್ಲು ನೆಳ್ಳು ಸಾಮಿ. ನೀವು ಛಾಂವ್ ತಲೆ ಮ್ಯಾಲೆ ಹೊತ್ಕೊಂಡೇ ತಿರುಗ್ತೀರಿ. ಧೂಪ್ ನಾನು ಎಲ್ಲಿಂದ ತರ್ಲಿ?"

ರೇಣುಕಯ್ಯನಿಗೆ ಇದು ವ್ಯಾಪಾರದ ಮಾತಾಗಿ ಕಂಡಿತು. ಕೋಟು ಕಂದು, ತನ್ನ ಹಣೆಬರಹವೂ ಕಂದು ಎಂದು ತೀರ್ಮಾನಿಸಿ ಮನೆಗೆ ಬಂದ.

ಅದೇ ತಿಂಗಳಲ್ಲಿ ಅಡವಯ್ಯ ಬಂದ. ಅಡವಯ್ಯನ ಕೈವಾಡವಿಲ್ಲದೆ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಒಂದು ಮದುವೆಯೂ ನಡೆಯುವುದಿಲ್ಲ ಎಂಬುದು ಸ್ವತಃ ಅಡವಯ್ಯನೇ ಹಬ್ಬಿಸಿದ್ದ ಸುದ್ದಿ. "ತೋವಿನಕೆರೆ ಶಂಕರಲಿಂಗಪ್ಪನ ತಂಗಿ ದಾಕ್ಷಾಯಣಮ್ಮ ಕಣಪ್ಪ. ಗಂಡ ಸತ್ತು ತವರಿಗೆ ಬಂದವ್ಳೆ. ಸೀರುಡಿಕೆಗೆ ಒಪ್ಪವ್ರೆ" ಎಂದ. ಗಂಡ ಸತ್ತವಳಿಗೆ ಮಾಡುವ ಅಂಥ ಮದುವೆಗೆ ಚಪ್ಪರವಿಲ್ಲ, ಓಲಗವಿಲ್ಲ. ಗಂಡು ಒಂದು ಸೀರೆ ತಂದು ಕೊಡಬೇಕು, ಅವಳು ಅದನ್ನು ಉಟ್ಟು ಹೊರಗೆ ಬರಬೇಕು, ಹಿರಿಯರು ನೋಡಬೇಕು, ಅಷ್ಟೆ. ರೇಣುಕಯ್ಯ ಆಸೆ ತಡೆಯಲಾರದೆ ಹೆಣ್ಣು ನೋಡುವ ಮೊದಲೇ ಒಂದು ಕನಕಾಂಬರ ಬಣ್ಣದ ಸೀರೆ ತಂದು ಪೆಟ್ಟಿಗೆಯಲ್ಲಿಟ್ಟ. ಯಾರಿಗೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಹೆಣ್ಣು ನೋಡುವ ದಿನ ಬೆಳಿಗ್ಗೆ ಶಂಕರಲಿಂಗಪ್ಪನ ಪಡಸಾಲೆಯ ಮಬ್ಬಿನಲ್ಲಿ, ಕಂಬದ ಪಕ್ಕ, ರೇಣುಕಯ್ಯ ಅದೇ ಕೋಟು ತೊಟ್ಟು ಕೂತ. ಕೊಡೆಯನ್ನು ಮೂಲೆಗೊರಗಿಸಿದ. ಮಾತೆಲ್ಲ ಅಡವಯ್ಯನದೇ. ಹೊಲ ಇದೆ, ತೋಟ ಇದೆ ಎಂದು ಇಲ್ಲದ್ದನ್ನೆಲ್ಲ ಹೇಳಿದ. ಇದ್ದ ಗುಮಾಸ್ತಗಿರಿ ಸಪ್ಪೆಯೆನಿಸಿ ಅದನ್ನು ಮಾತ್ರ ಹೇಳಲಿಲ್ಲ. ಶಂಕರಲಿಂಗಪ್ಪ ಉದ್ದಕ್ಕೂ ಅಡವಯ್ಯನ ಮುಖವನ್ನೇ ನೋಡುತ್ತಿದ್ದ. ದಾಕ್ಷಾಯಣಮ್ಮ ಹಾಲಿನ ಲೋಟ ತಂದಿಟ್ಟು ಬಾಗಿಲಿನ ಹಿಂದೆ ಸರಿದಳು.

ಅಲ್ಲಿಂದ ಎದ್ದವರು ಅಡವಯ್ಯನ ಬೀಗರ ಮನೆಯಲ್ಲಿ ಊಟ, ನಿದ್ದೆ ಮುಗಿಸಿ ಹೊರಟಾಗ ಹೊತ್ತು ಇಳಿದಿತ್ತು. ಕೆರೆ ಏರಿಯ ಮೇಲೆ ರೇಣುಕಯ್ಯನಿಗೆ ಕೊಡೆ ನೆನಪಾಯಿತು. "ತಗೊಂಡ್ ಬನ್ನಿ, ನಾನು ಮೋಟಾರು ನಿಲ್ಲಿಸ್ಕಂಡಿರ್ತೀನಿ" ಎಂದು ಅಡವಯ್ಯ ಮುಂದೆ ಹೋದ.

ಶಂಕರಲಿಂಗಪ್ಪನ ಮನೆ ಪಡುವಣಕ್ಕೆ ಮುಖ ಮಾಡಿದ್ದು. ಗಂಡಹೆಂಡಿರು ಜಗಲಿಯ ಮೇಲಿದ್ದರು. ಇಳಿಬಿಸಿಲಿನಲ್ಲಿ, ಕೊಡೆಯಿಲ್ಲದೆ, ರೇಣುಕಯ್ಯ ನಡೆದು ಬಂದ.

"ಅಯ್ಯೋ ನೋಡ್ರೀ, ಯಾರೋ ದೊಡ್ಡೋರು ಬತ್ತಾವ್ರೆ!" ಎಂದು ಶಂಕರಲಿಂಗಪ್ಪನ ಹೆಂಡತಿ ಸಿದ್ದಗಂಗಮ್ಮ ಎದ್ದು ನಿಂತಳು. "ಕೋಟು ನೋಡ್ರೀ, ನೀಲಿ! ನವಿಲ್ ಕುತ್ಗೆ ಇದ್ದಂಗೈತೆ!"

ಚಾಪೆ ಬಂತು, ಮಜ್ಜಿಗೆ ಬಂತು. "ಯಾವೂರಾಯ್ತು ಸಾಮಿ? ಏನ್ ಕೆಲ್ಸ?" ಎಂದು ಶಂಕರಲಿಂಗಪ್ಪ ಕೈಕಟ್ಟಿ ಕೇಳಿದ. ಅವನ ಕಣ್ಣು ಕೋಟಿನ ಮೇಲೆ ಅಂಟಿಕೊಂಡಿತ್ತು. ಮುಖದವರೆಗೆ ಏರಲು ಅದಕ್ಕೆ ಪುರಸೊತ್ತಾಗಲಿಲ್ಲ. ಬೆಳಿಗ್ಗೆ ಕಂಡವರು ಸಂಜೆ ಹೊಸಬನಂತೆ ವಿಚಾರಿಸುವುದು ರೇಣುಕಯ್ಯನಿಗೆ ಹೊಸದಲ್ಲ. ಮಧುಗಿರಿ ಎಂದ, ಅಮಲ್ದಾರರ ಕಚೇರಿ ಎಂದ. ಇಷ್ಟು ಜನ ತನ್ನನ್ನು ಇಷ್ಟು ಹೊತ್ತು ನೋಡಿದ್ದು ಅವನ ಆಯುಷ್ಯದಲ್ಲೇ ಇರಲಿಲ್ಲ. ಕೊಡೆಯ ವಿಚಾರ ಮರೆತೇ ಹೋಯಿತು.

"ಮನೇಲಿ ಯಾರ್ಯಾರವ್ರೆ?" ಎಂದಳು ಸಿದ್ದಗಂಗಮ್ಮ.

"ಯಾರೂ ಇಲ್ಲಮ್ಮ. ನಾನೇ ಬೇಯಿಸಿಕೊಳ್ತೀನಿ. ಒಬ್ಬರಿಗೆ ಅಂತ ಹಿಟ್ಟಿನ ಅಳತೆ ಮಾತ್ರ ಕೈಗೆ ಬರಲೇ ಇಲ್ಲ. ಯಾವಾಗ ತೊಳಸಿದರೂ ಎರಡು ಮುದ್ದೆಯಾಗುತ್ತೆ. ಒಂದು ಉಣ್ತೀನಿ. ಇನ್ನೊಂದು ಸುಮ್ಮನೆ ಎದುರಿಗಿರುತ್ತೆ."

ಸಿದ್ದಗಂಗಮ್ಮ ಗೊಳ್ಳನೆ ನಕ್ಕಳು. ಬಾಗಿಲಿನ ಹಿಂದೆ ಬಳೆಯಿಲ್ಲದ ಕೈಯೊಂದು ಚೌಕಟ್ಟನ್ನು ಹಿಡಿದುಕೊಂಡಿತ್ತು. ಅದು ನಗಲಿಲ್ಲ.

ಹೊರಟು ಮನೆಯ ಮಗ್ಗುಲಿಗೆ ತಿರುಗಿದಾಗ ದಾಕ್ಷಾಯಣಮ್ಮ ಹಿತ್ತಿಲ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದಳು. "ಬೆಳಿಗ್ಗೆ ಬುಟ್ಟೋಗಿದ್ರಿ" ಎಂದಳು. ರೇಣುಕಯ್ಯ ಕೊಡೆ ತೆಗೆದುಕೊಂಡು, ಅಭ್ಯಾಸಬಲದಿಂದ ಬಿಚ್ಚಿ, ಅದರಡಿಯಲ್ಲಿ ಕಂದಾಗಿ ನಡೆದುಹೋದ.

ನಾಲ್ಕಾರು ದಿನಕ್ಕೆ ಶಂಕರಲಿಂಗಪ್ಪ ಅಡವಯ್ಯನನ್ನು ಹಿಡಿದ. "ಬೆಳಿಗ್ಗೆ ಕರ್ಕಂಬಂದಿದ್ರಲ್ಲ ಕಂದು ಕೋಟು, ಮೂಗುಬಸವ, ಅವ್ನು ಬ್ಯಾಡ. ಸಂಜೆ ಕಳ್ಸಿದ್ರಲ್ಲ ನೀಲಿ ಕೋಟಿನೋರು, ಅಮಲ್ದಾರ್ ಕಚೇರಿಯೋರು, ಅವ್ರು ಆಗ್ಬೋದು. ತಂಗೀನೂ ಹೂಂ ಅಂದವ್ಳೆ."

ಸಂಜೆ ಯಾರನ್ನೂ ಕಳಿಸಿಲ್ಲ ಎಂದು ಹೇಳುವುದು ಅಡವಯ್ಯನಿಂದ ಸಾಧ್ಯವೇ? ತನ್ನ ಸೀಮೆಯಲ್ಲಿ ತನಗೆ ತಿಳಿಯದ ಗಂಡೊಂದು ಓಡಾಡುತ್ತಿದೆ ಎಂದರೆ ಮಾನ ಉಳಿಯುತ್ತದೆಯೇ? "ಅವ್ರಾ? ನಾನೇ ಕಳ್ಸಿದ್ದು ಕಣಪ್ಪ! ಮೂಲ ಪಾವಗಡ. ತೆಲುಗು ಮಾತಾಡಿದ್ರೆ ತೆಲುಗರೇ ಕೈ ಮುಗೀತಾರೆ" ಎಂದು ದಿನವನ್ನೂ ಗೊತ್ತುಮಾಡಿಕೊಂಡು ಬಂದು, ಸೀದಾ ರೇಣುಕಯ್ಯನ ಮನೆಗೆ ಓಡಿದ.

"ಬೇಜಾರ್ ಮಾಡ್ಕಬ್ಯಾಡಿ. ನಿಮ್ಮನ್ನ ಬ್ಯಾಡ ಅಂದವ್ರೆ. ನೀಲಿ ಕೋಟಿನೋನನ್ನ ಒಪ್ಪವ್ರೆ. ನಿಮ್ ಕಚೇರಿಯೋನೇ ಅಂತೆ, ಯಾರವ್ನು?"

ಬೇಡ ಎನ್ನಿಸಿಕೊಂಡದ್ದು ರೇಣುಕಯ್ಯನಿಗೆ ಆಶ್ಚರ್ಯವಾಗಲಿಲ್ಲ. ನೋವು ಮಾತ್ರ ಆಯಿತು. ಅಷ್ಟೊಂದು ಆದರ ಮಾಡಿದ್ದರು. ಬೇಡ ಎನ್ನುವವರು ಹಾಗೆಯೇ ಆದರ ಮಾಡುತ್ತಾರೇನೋ.

"ಸಂಜೆ ನಾನೂ ಹೋಗಿದ್ದೆನಲ್ಲ, ಕೊಡೆಗೆ" ಎಂದ.

"ನೀವಿದ್ದಾಗ ಬಂದ್ನಾ ಅವ್ನು?"

"ಇಲ್ಲ. ನಾನು ಹೋದ ಮೇಲೆ ಬಂದಿರಬೇಕು."

ಅನುಮಾನಕ್ಕೆ ಎಡೆಯಿರಬಾರದೆಂದು ಇಬ್ಬರೂ ಗೂಟದಲ್ಲಿದ್ದ ಕೋಟನ್ನು ನೋಡಿದರು. ಕತ್ತಲ ಕೋಣೆ, ಕಂದು ಕೋಟು. ಅನುಮಾನವೇ ಇರಲಿಲ್ಲ.

ಮರುದಿನ ಅಡವಯ್ಯ ಅಮಲ್ದಾರರನ್ನೇ ಕೇಳಿದ. ಅಮಲ್ದಾರರು ಕನ್ನಡಕ ತೆಗೆದರು. "ನೀಲಿ ಕೋಟು? ಮಿನುಗುತ್ತೆ? ನನ್ನ ಕಚೇರಿಯಲ್ಲಿ? ಲಂಚ ತಿನ್ನದೆ ಅಂಥ ಕೋಟು ಆಗೋದಿಲ್ಲ!" ಎಂದು ದಫೇದಾರನನ್ನು ಕರೆದು ಕಾವಲು ಹಾಕಿಸಿದರು. "ಪರ್ವತಯ್ಯ, ಅಂಥವನು ಕಂಡರೆ ತಕ್ಷಣ ಹೇಳು."

"ಆಗಲಿ ಸ್ವಾಮಿ" ಎಂದ ರೇಣುಕಯ್ಯ, ಅದೇ ಕೋಟಿನ ಗುಂಡಿ ಹಾಕಿಕೊಳ್ಳುತ್ತ. ಅಂದಿನಿಂದ ಅವನೂ ನಿಷ್ಠೆಯಿಂದ ಹುಡುಕಿದ. ಒಂದೇ ಕಚೇರಿಯಲ್ಲಿದ್ದೂ ತನ್ನ ಕಣ್ಣಿಗೆ ಬೀಳದವನು ಎಂದರೆ, ಪಾಪ, ಅವನನ್ನೂ ಯಾರೂ ನೋಡುವುದಿಲ್ಲವೇನೋ ಎನಿಸಿ, ಕಾಣದ ಆ ಮನುಷ್ಯನ ಮೇಲೆ ಮರುಕ ಹುಟ್ಟಿತು.

ಅಡವಯ್ಯ ತಾನೇ ಹೇಳಿದ ಸುಳ್ಳನ್ನು ನಂಬಿ ರೇಣುಕಯ್ಯನನ್ನು ಪಾವಗಡಕ್ಕೂ ಎಳೆದುಕೊಂಡು ಹೋದ. ಕೋಟೆಯ ಕೆಳಗಿನ ಬೀದಿಗಳಲ್ಲಿ ಇಬ್ಬರೂ ಒಂದೇ ಕೊಡೆಯ ಅಡಿಯಲ್ಲಿ ಸುತ್ತಿದರು. ಮೋಟಾರು ನಿಲ್ಲುವಲ್ಲಿ ಕಡಲೆಕಾಯಿ ಮಾರುವ ಅಶ್ವತ್ಥಮ್ಮ "ನೀಲಂ ಕೋಟಾ? ನೇನು ಚೂಡಲೇದು ನಾಯನಾ" ಎಂದು, ಕಂಡಿಲ್ಲವೆಂದು ತಲೆಯಾಡಿಸಿದಳು. ಮೋಟಾರು ಹತ್ತಲು ರೇಣುಕಯ್ಯ ಕೊಡೆ ಮಡಿಸಿದ. ಬಿಸಿಲು ಬಿತ್ತು. "ಅದಿಗೋ! ಅದಿಗೋ ನೀಲಂ ಕೋಟು!" ಎಂದು ಅಶ್ವತ್ಥಮ್ಮ ಅವನ ಕಡೆಗೇ ಕೈ ತೋರಿಸಿ ಕಿರಿಚಿದಳು. ಇಬ್ಬರೂ ಥಟ್ಟನೆ ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. "ತಪ್ಪಿಸ್ಕಂಡ!" ಎಂದು ಅಡವಯ್ಯ ತೊಡೆ ತಟ್ಟಿಕೊಂಡ.

ಗೊತ್ತಾದ ದಿನ ಬಂತು. ಅಡವಯ್ಯ ಜ್ವರವೆಂದು ಹೇಳಿ ಕಂಬಳಿ ಹೊದ್ದು ಮಲಗಿದ. ರೇಣುಕಯ್ಯ ಮಾತ್ರ ತೋವಿನಕೆರೆಗೆ ಹೊರಟ. ದಾಕ್ಷಾಯಣಮ್ಮ ಒಳ್ಳೆಯವನ ಕೈ ಸೇರಿದಳೋ ಇಲ್ಲವೋ ಒಮ್ಮೆ ನೋಡಿ ಬಂದರೆ ಸಾಕೆಂದುಕೊಂಡ. ಸೋತ ಕೋಟನ್ನು ಗೂಟದಲ್ಲೇ ಬಿಟ್ಟು, ಹಳೆಯ ಅಂಗಿ ತೊಟ್ಟು, ಮುಯ್ಯಿ ಕೊಡಲು ಪೆಟ್ಟಿಗೆಯ ಸೀರೆಯನ್ನು ವಸ್ತ್ರದಲ್ಲಿ ಕಟ್ಟಿಕೊಂಡ. ಮನೆಯಲ್ಲಿ ಅದನ್ನು ಉಡುವವರಾದರೂ ಯಾರು?

ಗೋಡೆಯ ಪಕ್ಕ, ಎಲ್ಲರ ಹಿಂದೆ ಕೂತ. ಹಿರಿಯರು ಬಂದರು, ಹೊತ್ತು ಏರಿತು, ನೀಲಿ ಕೋಟು ಬರಲಿಲ್ಲ. ಊಟ ಆರುತ್ತದೆಂದು ಹಿರಿಯರು ಉಂಡರು. ಉಂಡ ಮೇಲೆ ಬೈಯಲು ಶುರುಮಾಡಿದರು. ಶಂಕರಲಿಂಗಪ್ಪ ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ರೇಣುಕಯ್ಯನಿಗೆ ತಡೆಯಲಾಗಲಿಲ್ಲ. ಎಂದೂ ದನಿ ಎತ್ತದವನು, "ಒಪ್ಪಿದ ಹೆಣ್ಣನ್ನ ಹೀಗೆ ಕಾಯಿಸೋನು ಮನುಷ್ಯನೇ? ನನ್ನ ಕೈಗೆ ಸಿಕ್ಕಲಿ ಅವನು!" ಎಂದ.

"ಸರಿಯಾಗ್ ಹೇಳಿದ್ರಿ" ಎಂದರು ಹಿರಿಯರು. "ತಾವ್ಯಾರು?"

ಬಡಿಸುವವರು ಅವನ ಎಲೆಯನ್ನು ಎಂದಿನಂತೆ ದಾಟಿಹೋಗಿದ್ದರು. ಕಡೆಗೆ ದಾಕ್ಷಾಯಣಮ್ಮನೇ ಒಳಗಿನಿಂದ ಬಂದಳು. ಅವನ ಎಲೆಗೆ ಎರಡು ಮುದ್ದೆ ಹಾಕಿದಳು.

"ಯಾಕ್ ಇಷ್ಟೊತ್ತು ಮಾಡ್ಬುಟ್ರಿ?" ಎಂದಳು.

"ನಾನು ಬೆಳಿಗ್ಗೇನೇ ಬಂದೆ. ಇಲ್ಲೇ ಹಿಂದೆ ಕೂತಿದ್ದೆ."

"ಹಿಂದೆ ಯಾಕ್ ಕೂತ್ರಿ?"

"ಮುಂದೆ ಗಂಡು ಕೂರಬೇಕಲ್ಲಮ್ಮ. ನೀಲಿ ಕೋಟಿನವರು. ನಾನು ಕಂದು ಕೋಟು. ನನ್ನನ್ನ ಬೇಡ ಅಂದರಲ್ಲ."

ದಾಕ್ಷಾಯಣಮ್ಮ ಪಾತ್ರೆ ಕೆಳಗಿಟ್ಟಳು. "ಒಂದೇ ಕೋಟು ಕಣ್ರೀ! ಪಡಸಾಲೇಲಿ ಕೂತಾಗ ಕಂದು, ಜಗಲೀಲಿ ಕೂತಾಗ ನೀಲಿ. ಬಾಗ್ಲಲ್ಲಿ ನಿಂತ್ಕಂಡು ಎರಡೂ ನೋಡಿವ್ನಿ. ಕೊಡೆ ಕೊಟ್ಟೋಳು ನಾನಲ್ವಾ? ನೀಲಿ ಕೋಟಿನೋರು ಆಗ್ಬೋದಾ ಅಂದ ಅಣ್ಣ, ಹೂಂ ಅಂದೆ. ಇನ್ನೊಬ್ರು ಅವ್ರೆ ಅಂತ ನಂಗ್ಯಾರು ಹೇಳಿದ್ರು?"

ಲೆಕ್ಚರರು ಹೇಳಿದ ಎರಡನೆಯ ಕಾರಣ ಇಷ್ಟು ದಿನದ ಮೇಲೆ ರೇಣುಕಯ್ಯನ ಕಿವಿಗೆ ಬಿತ್ತು. ಹಕ್ಕಿಗಳ ಮಾತು ಬಿಡಿ, ಚಿಟ್ಟೆಯೇ ತನ್ನನ್ನು ಹುಡುಕಿಕೊಂಡು ಪಾವಗಡದವರೆಗೆ ಹೋಗಿ ಬಂದಿತ್ತು. ಶಂಕರಲಿಂಗಪ್ಪ ಎದ್ದು ನಿಂತು ಮೊದಲ ಸಲ ಅವನ ಮುಖವನ್ನು ನೋಡಿದ. "ಅಂಗಾರೆ ಇವ್ರೇನಾ?" ಎಂದ. "ಕೋಟೆಲ್ಲಿ ಮತ್ತೆ?" ಎಂದಳು ಸಿದ್ದಗಂಗಮ್ಮ, ಇನ್ನೂ ನಂಬಿಕೆ ಸಾಲದೆ.

"ಆ ಗಂಟೇನು?" ಎಂದಳು ದಾಕ್ಷಾಯಣಮ್ಮ.

"ಮುಯ್ಯಿಗೆ ತಂದೆ. ಸೀರೆ."

ಅವಳು ಗಂಟನ್ನು ಎತ್ತಿಕೊಂಡು, ಯಾರನ್ನೂ ಕೇಳದೆ, ಒಳಗೆ ಹೋದಳು. ಹಿರಿಯರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ರೇಣುಕಯ್ಯ ಮುದ್ದೆಗೆ ಕೈ ಹಾಕಬೇಕೋ ಬೇಡವೋ ತಿಳಿಯದೆ ಎರಡನ್ನೂ ನೋಡುತ್ತ ಕೂತ.

ಬಾಗಿಲು ತೆರೆಯಿತು. ಕನಕಾಂಬರದ ಸೀರೆ ಉಟ್ಟು ದಾಕ್ಷಾಯಣಮ್ಮ ಹೊಸ್ತಿಲ ಮೇಲೆ ನಿಂತು, ನೆಟ್ಟಗೆ ಅವನನ್ನೇ ನೋಡಿದಳು. ಅವಳು ನೋಡಿದ ಕಡೆಗೆ ಮನೆಯವರೂ ಹಿರಿಯರೂ ಎಲ್ಲರೂ ನೋಡಿದರು. ಅಷ್ಟೂ ಕಣ್ಣು ಒಟ್ಟಿಗೆ ತನ್ನ ದಿಕ್ಕಿಗಿರುವುದನ್ನು ಕಂಡು ರೇಣುಕಯ್ಯ ಗಡಬಡಿಸಿ ಎದ್ದ. ಯಾರು ಬಂದರೋ ಎಂದು ಹಿಂದೆ ತಿರುಗಿ ನೋಡಿದ.

ಹಿಂದೆ ಯಾರೂ ಇರಲಿಲ್ಲ.